ಮನೆಯೊಳಗಿನ ಸಾಧನಗಳು ಇಂಟರ್ನೆಟ್‌ಗೆ ಕಾಣುತ್ತಿವೆಯೇ? ರೌಟರನ್ನು ಹೊರಗಿನಿಂದ ಪರೀಕ್ಷಿಸುವ ಕ್ರಮ

ಒಂದು ರೌಟರ್ ಹಿಂದೆ ಈಗ ಫೋನು, ಲ್ಯಾಪ್‌ಟಾಪುಗಳ ಜೊತೆಗೆ ಟಿವಿ, ಪ್ರಿಂಟರ್, ಕಾವಲು ಕ್ಯಾಮೆರಾ, ಫೈಲು ಇಡುವ ನೆಟ್‌ವರ್ಕ್ ಡಿಸ್ಕ್, ದೀಪ, ಪ್ಲಗ್ಗು ಎಲ್ಲವೂ ಇರುತ್ತವೆ. ಇವುಗಳಲ್ಲಿ ಹಲವಕ್ಕೆ ತಮ್ಮನ್ನು ತಾವು ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಪ್ರಿಂಟರಿನ ಸೆಟ್ಟಿಂಗ್ ಪುಟಕ್ಕೆ ಎಷ್ಟೋ ಸಲ ಪಾಸ್‌ವರ್ಡೇ ಇರುವುದಿಲ್ಲ. ಹಳೆಯ ಕ್ಯಾಮೆರಾಗಳಿಗೆ ವರ್ಷಗಟ್ಟಲೆ ಅಪ್‌ಡೇಟ್ ಬಂದಿರುವುದಿಲ್ಲ. ಅವೆಲ್ಲ ಇಷ್ಟು ದಿನ ಸುರಕ್ಷಿತವಾಗಿ ಉಳಿದಿರುವುದು ರೌಟರ್ ಅವುಗಳನ್ನು ಹೊರಜಗತ್ತಿನಿಂದ ಮರೆಮಾಡಿದೆ ಎಂಬ ಒಂದೇ ಕಾರಣಕ್ಕೆ. ಹಾಗಾದರೆ ರೌಟರ್ ನಿಜಕ್ಕೂ ಮರೆಮಾಡಿದೆಯೇ ಎಂದು ಒಮ್ಮೆಯಾದರೂ ಪರೀಕ್ಷಿಸಲೇಬೇಕು.

ಪರೀಕ್ಷೆ ಕಷ್ಟದ್ದೇನಲ್ಲ. ಆದರೆ ಒಳಗೆ ಕೂತು ಮಾಡಿದರೆ ಉತ್ತರ ತಪ್ಪಾಗುತ್ತದೆ, ಹೊರಗಿನಿಂದಲೇ ನೋಡಬೇಕು. ಇಂಟರ್ನೆಟ್ ವಿಳಾಸಗಳ ಹಳೆಯ ಪದ್ಧತಿ ಐಪಿವಿ4 ಮತ್ತು ಹೊಸ ಪದ್ಧತಿ ಐಪಿವಿ6 ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಮತ್ತು "ಏನೂ ಕಾಣುತ್ತಿಲ್ಲ" ಎಂಬ ಫಲಿತಾಂಶ ಬಂದಾಗ, ಕಾಣುವ ವಸ್ತುವಿದ್ದರೆ ಈ ಪರೀಕ್ಷೆಗೆ ಅದು ಕಾಣುತ್ತಿತ್ತೇ ಎಂದು ಖಚಿತ ಮಾಡಿಕೊಳ್ಳಬೇಕು. ಮೂರನೆಯದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅದೇ ಮುಖ್ಯ.

ಮರೆ ಹುಟ್ಟುವುದು ಹೇಗೆ

ಐಪಿವಿ4ರಲ್ಲಿ ಒಟ್ಟು ಇರುವ ವಿಳಾಸಗಳು ಸುಮಾರು 430 ಕೋಟಿ. ಜಗತ್ತಿನ ಪ್ರತಿ ಸಾಧನಕ್ಕೂ ಒಂದೊಂದು ಕೊಡಲು ಅವು ಸಾಲವು ಎಂಬುದು 1990ರ ದಶಕದ ಆರಂಭದಲ್ಲೇ ಗೊತ್ತಾಗಿತ್ತು. ಅದಕ್ಕೆ ಪರಿಹಾರವಾಗಿ 1994ರಲ್ಲಿ ಆರ್‌ಎಫ್‌ಸಿ 1631 ಎಂಬ ದಾಖಲೆ ವಿಳಾಸ ಬದಲಾವಣೆಯ ತಂತ್ರವನ್ನು ವಿವರಿಸಿತು. ಅದೇ ನ್ಯಾಟ್. 1996ರ ಆರ್‌ಎಫ್‌ಸಿ 1918 ಒಳಬಳಕೆಗೆಂದೇ ಮೂರು ವಿಳಾಸ ಗುಂಪುಗಳನ್ನು ಮೀಸಲಿಟ್ಟಿತು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಈ ವಿಳಾಸಗಳು ಇಂಟರ್ನೆಟ್‌ನಲ್ಲಿ ಓಡಾಡುವುದಿಲ್ಲ.

ನಿಮ್ಮ ಫೋನ್ ಒಂದು ವೆಬ್‌ಸೈಟನ್ನು ಕೇಳಿದಾಗ ರೌಟರ್ ಆ ಕೋರಿಕೆಯನ್ನು ಹೊತ್ತ ಪ್ಯಾಕೆಟ್‌ನ (ಜಾಲದಲ್ಲಿ ಸಾಗುವ ಮಾಹಿತಿಯ ಚಿಕ್ಕ ಕಟ್ಟಿನ) ಒಳವಿಳಾಸವನ್ನು ತೆಗೆದು ತನ್ನ ಹೊರವಿಳಾಸವನ್ನು ಹಾಕುತ್ತದೆ. ಯಾರು, ಯಾವ ಪೋರ್ಟಿನಿಂದ (ಒಂದೇ ವಿಳಾಸದಲ್ಲಿ ಬೇರೆಬೇರೆ ಸಂಪರ್ಕ, ಸೇವೆಗಳನ್ನು ಗುರುತಿಸುವ ಸಂಖ್ಯೆ), ಎಲ್ಲಿಗೆ ಹೋದರು ಎಂದು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಸರಿಯಾದ ಸಾಧನಕ್ಕೆ ತಲುಪಿಸುತ್ತದೆ. ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್‌ಗೆ ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಯಾರಿಗೆ ಕೊಡಬೇಕೆಂದು ತಿಳಿಯದೆ ರೌಟರ್ ಅದನ್ನು ಕೈಬಿಡುತ್ತದೆ. ನಾವು ನೆಚ್ಚಿಕೊಂಡಿರುವ ಮರೆ ಇಷ್ಟೇ. ವಿಳಾಸ ಉಳಿಸಲು ಹುಟ್ಟಿದ ತಂತ್ರದಿಂದ ಸಿಕ್ಕ ಉಪಲಾಭ ಇದು, ರಕ್ಷಣೆಗೆಂದು ಯಾರೂ ರೂಪಿಸಿದ್ದಲ್ಲ. ಬೇಡದ ಸಂಪರ್ಕವನ್ನು ಗುರುತಿಸಿ ತಡೆಯುವ ಕೆಲಸ ಫೈರ್‌ವಾಲ್‌ನದು. ಬಹಳಷ್ಟು ರೌಟರ್‌ಗಳಲ್ಲಿ ಎರಡೂ ಜೊತೆಯಾಗಿಯೇ ಇರುವುದರಿಂದ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ. ಐಪಿವಿ6ಕ್ಕೆ ಬಂದಾಗ ಅದು ಎದ್ದು ಕಾಣುತ್ತದೆ.

ಹೆಜ್ಜೆ 1: ಒಳಗೆ ಏನಿದೆ ಎಂದು ಬರೆದುಕೊಳ್ಳಿ

ರೌಟರಿನ ಆಡಳಿತ ಪುಟಕ್ಕೆ ಹೋಗಿ. ವಿಳಾಸ ಸಾಮಾನ್ಯವಾಗಿ 192.168.0.1 ಅಥವಾ 192.168.1.1, ಇಲ್ಲದಿದ್ದರೆ ನಿಮ್ಮ ಫೋನಿನ ವೈಫೈ ವಿವರದಲ್ಲಿ "ಗೇಟ್‌ವೇ" ಎಂದು ತೋರಿಸುವ ವಿಳಾಸವೇ ಅದು. ಅಲ್ಲಿ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ಸಿಗುತ್ತದೆ. ಪ್ರತಿಯೊಂದರ ಒಳವಿಳಾಸವನ್ನು ಬರೆದಿಟ್ಟುಕೊಳ್ಳಿ. ಗುರುತು ಸಿಗದ ಹೆಸರು ಕಂಡರೆ ಸಾಧನಗಳನ್ನು ಒಂದೊಂದಾಗಿ ಆಫ್ ಮಾಡಿ ಪಟ್ಟಿಯಿಂದ ಯಾವುದು ಮಾಯವಾಗುತ್ತದೆ ನೋಡಿ. ಮುಂದೆ ಯಾವುದೋ ಪೋರ್ಟ್ ತೆರೆದಿದೆ ಎಂದು ತಿಳಿದಾಗ ಅದು ಯಾವ ಸಾಧನದ್ದು ಎಂದು ಹುಡುಕಲು ಈ ಪಟ್ಟಿ ಬೇಕಾಗುತ್ತದೆ.

ಹೆಜ್ಜೆ 2: ಮೂರು ವಿಳಾಸಗಳನ್ನು ಹೋಲಿಸಿ

ಮೊದಲನೆಯದು ನಿಮ್ಮ ಕಂಪ್ಯೂಟರಿನ ಒಳವಿಳಾಸ. ಎರಡನೆಯದು ರೌಟರಿನ ಸ್ಥಿತಿ ಪುಟದಲ್ಲಿ "ವ್ಯಾನ್" ಅಥವಾ "ಇಂಟರ್ನೆಟ್" ಎಂಬ ತಲೆಬರಹದಡಿ ಕಾಣುವ ವಿಳಾಸ. ಮೂರನೆಯದು ಹೊರಜಗತ್ತಿಗೆ ಕಾಣುವ ವಿಳಾಸ. ಯಾವುದೇ ಸರ್ಚ್ ಎಂಜಿನ್‌ನಲ್ಲಿ "ನನ್ನ ಐಪಿ ವಿಳಾಸ ಏನು" ಎಂದು ಹುಡುಕಿದರೆ ಅದನ್ನು ತೋರಿಸುವ ಪುಟಗಳು ಸಿಗುತ್ತವೆ. ಕಂಪ್ಯೂಟರಿನಲ್ಲಿ ವಿಪಿಎನ್ (ಸಂಪರ್ಕವನ್ನು ಇನ್ನೊಂದು ಸರ್ವರ್ ಮೂಲಕ ಗುಪ್ತವಾಗಿ ಸಾಗಿಸುವ ತಂತ್ರಾಂಶ) ಹಾಕಿಕೊಂಡಿದ್ದರೆ ಮೊದಲು ಆಫ್ ಮಾಡಿ, ಇಲ್ಲವಾದರೆ ವಿಪಿಎನ್ ಕಂಪನಿಯ ವಿಳಾಸ ಕಾಣುತ್ತದೆ.

ಎರಡನೆಯದೂ ಮೂರನೆಯದೂ ಒಂದೇ ಆಗಿದ್ದರೆ ನಿಮ್ಮ ರೌಟರ್ ನೇರವಾಗಿ ಇಂಟರ್ನೆಟ್‌ಗೆ ಮುಖಮಾಡಿದೆ ಎಂದರ್ಥ. ಮುಂದಿನ ಹೆಜ್ಜೆಗಳೆಲ್ಲ ನಿಮಗೆ ಪೂರ್ತಿ ಅನ್ವಯಿಸುತ್ತವೆ.

ಅವು ಬೇರೆಬೇರೆ ಆಗಿದ್ದು, ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಇದ್ದರೆ ನೀವು ಇಂಟರ್ನೆಟ್ ಕಂಪನಿಯ ದೊಡ್ಡ ನ್ಯಾಟ್‌ನ ಹಿಂದೆ ಇದ್ದೀರಿ. ಈ ವಿಳಾಸ ಗುಂಪನ್ನು 2012ರಲ್ಲಿ ಆರ್‌ಎಫ್‌ಸಿ 6598 ಇದೇ ಉದ್ದೇಶಕ್ಕೆ ಮೀಸಲಿಟ್ಟಿತು. ಕೆಲವು ಕಂಪನಿಗಳು 10ರಿಂದ ಶುರುವಾಗುವ ವಿಳಾಸವನ್ನೂ ಹೀಗೆ ಬಳಸುತ್ತವೆ. ಇಲ್ಲಿ ಹೊರಗೆ ಕಾಣುವ ವಿಳಾಸ ನಿಮ್ಮೊಬ್ಬರದಲ್ಲ, ಹಲವು ಗ್ರಾಹಕರು ಅದನ್ನು ಹಂಚಿಕೊಂಡಿರುತ್ತಾರೆ. ಅದನ್ನು ಸ್ಕ್ಯಾನ್ ಮಾಡಿದರೆ, ಅಂದರೆ ಅದರ ಪೋರ್ಟ್‌ಗಳನ್ನು ಒಂದೊಂದಾಗಿ ತಟ್ಟಿ ನೋಡಿದರೆ, ಪರೀಕ್ಷೆಯಾಗುವುದು ಕಂಪನಿಯ ಉಪಕರಣ. ನಿಮ್ಮ ರೌಟರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಾಗಾಗಿ ಐಪಿವಿ4ರಲ್ಲಿ ಹೊರಗಿನವರು ತಾವಾಗಿ ನಿಮ್ಮತನಕ ಬರುವುದು ಕಷ್ಟ ಎಂಬಷ್ಟನ್ನು ತಿಳಿದುಕೊಂಡು, 4 ಮತ್ತು 5ನೇ ಹೆಜ್ಜೆಯ ರೌಟರ್ ಸೆಟ್ಟಿಂಗ್‌ಗಳನ್ನು ನೋಡಿ ನೇರ ಐಪಿವಿ6 ಭಾಗಕ್ಕೆ ಹೋಗಿ. ಅದೇ ಕಂಪನಿಯ ಇತರ ಗ್ರಾಹಕರು ಕಂಪನಿಯ ಒಳಜಾಲದ ಮೂಲಕ ನಿಮ್ಮ ರೌಟರನ್ನು ತಲುಪುವ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕಾಗಿಯೇ ಸೆಟ್ಟಿಂಗ್‌ಗಳನ್ನು ಬಿಡಬೇಡಿ ಎನ್ನುತ್ತಿದ್ದೇನೆ.

ವ್ಯಾನ್ ವಿಳಾಸ 192.168ರಿಂದ ಶುರುವಾಗಿದ್ದರೆ ನಿಮ್ಮ ಮನೆಯಲ್ಲೇ ಎರಡು ರೌಟರ್‌ಗಳು ಒಂದರ ಹಿಂದೊಂದು ಇವೆ. ಕಂಪನಿ ಕೊಟ್ಟ ಮೋಡೆಮ್ಮು ಕೂಡ ರೌಟರ್ ಕೆಲಸ ಮಾಡುತ್ತಿರುತ್ತದೆ. ಆಗ ಇಂಟರ್ನೆಟ್‌ಗೆ ಮುಖಮಾಡಿರುವುದು ಆ ಮೋಡೆಮ್. ನೀವು ಕೊಂಡು ತಂದ ರೌಟರಿನ ಸೆಟ್ಟಿಂಗ್ ಎಷ್ಟೇ ಚೆನ್ನಾಗಿದ್ದರೂ ಮೋಡೆಮ್ಮಿಗೆ ನೇರ ಸೇರಿಸಿದ ಸಾಧನಗಳಿಗೆ, ಅದರದೇ ವೈಫೈಗೆ ಸೇರಿದ ಸಾಧನಗಳಿಗೆ ಅದರಿಂದ ಉಪಯೋಗವಿಲ್ಲ. ಎರಡೂ ಪೆಟ್ಟಿಗೆಗಳ ಸೆಟ್ಟಿಂಗ್ ನೋಡಬೇಕು.

ಹೆಜ್ಜೆ 3: ಹೊರಗೆ ನಿಂತು ನೋಡಿ

ಮನೆಯ ವೈಫೈನಲ್ಲೇ ಇದ್ದು ನಿಮ್ಮ ಹೊರವಿಳಾಸವನ್ನು ಸ್ಕ್ಯಾನ್ ಮಾಡಿದರೆ ಬರುವ ಫಲಿತಾಂಶವನ್ನು ನಂಬುವಂತಿಲ್ಲ. ಒಳಗಿನಿಂದ ಹೊರವಿಳಾಸಕ್ಕೆ ಹೋದ ಪ್ಯಾಕೆಟ್‌ಗಳನ್ನು ಎಷ್ಟೋ ರೌಟರ್‌ಗಳು ಹೊರಗೆ ಬಿಡದೆ ಅಲ್ಲಿಂದಲೇ ಒಳಕ್ಕೆ ತಿರುಗಿಸುತ್ತವೆ. ಆಗ ರೌಟರಿನ ಆಡಳಿತ ಪುಟ ಹೊರವಿಳಾಸದಲ್ಲೂ ತೆರೆದುಕೊಳ್ಳುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಹೊರಗಿನವರಿಗೆ ಅದು ಮುಚ್ಚಿಯೇ ಇರಬಹುದು.

ಹೊರಗೆ ನಿಲ್ಲಲು ಎರಡು ದಾರಿಗಳಿವೆ.

ಸುಲಭದ್ದು, ಬ್ರೌಸರಿನಿಂದಲೇ ನಡೆಸುವ ಸ್ಕ್ಯಾನ್ ಸೇವೆ. ಸ್ಟೀವ್ ಗಿಬ್ಸನ್ ಅವರ "ಶೀಲ್ಡ್ಸ್ ಅಪ್" ಇವುಗಳಲ್ಲಿ ಹಳೆಯದು, ಉಚಿತ. ಪುಟ ತೆರೆದು ಒತ್ತಿದರೆ ಅವರ ಸರ್ವರ್ ನಿಮ್ಮ ವಿಳಾಸವನ್ನು ಹೊರಗಿನಿಂದ ತಟ್ಟಿ ನೋಡಿ ಬಣ್ಣದ ಚೌಕಗಳಲ್ಲಿ ಫಲಿತಾಂಶ ತೋರಿಸುತ್ತದೆ. ಅದರ ಪೂರ್ಣ ಪರೀಕ್ಷೆ 0ಯಿಂದ 1055ರವರೆಗಿನ ಪೋರ್ಟ್‌ಗಳನ್ನು ನೋಡುತ್ತದೆ. ಪೋರ್ಟ್ ಸಂಖ್ಯೆಗಳು 65,535ರವರೆಗೆ ಇವೆ. ಕ್ಯಾಮೆರಾ, ನೆಟ್‌ವರ್ಕ್ ಡಿಸ್ಕ್, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶ ಮೊದಲಾದವು ಬಳಸುವ ಪೋರ್ಟ್‌ಗಳಲ್ಲಿ ಹಲವು 1055ರ ಆಚೆ ಇವೆ. ಆದ್ದರಿಂದ ಎಲ್ಲ ಚೌಕಗಳೂ ಹಸಿರಾದರೆ ಒಳ್ಳೆಯದೇ, ಆದರೆ ಅಲ್ಲಿಗೇ ನಿಲ್ಲಿಸಬೇಡಿ.

ಎರಡನೆಯದು, ನಿಮ್ಮದೇ ಸ್ಕ್ಯಾನ್. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿದರೆ ನೀವು ಮನೆಯಲ್ಲೇ ಕೂತಿದ್ದರೂ ಜಾಲದ ಲೆಕ್ಕದಲ್ಲಿ ಹೊರಗಿನವರು. ಆ ಫೋನಿನ ಹಾಟ್‌ಸ್ಪಾಟ್‌ಗೆ ಇನ್ನೊಂದು ಲ್ಯಾಪ್‌ಟಾಪ್ ಸೇರಿಸಿ ಅದರಲ್ಲಿ ಎನ್‌ಮ್ಯಾಪ್ ಎಂಬ ಸ್ಕ್ಯಾನ್ ತಂತ್ರಾಂಶ ನಡೆಸಿ. ಲ್ಯಾಪ್‌ಟಾಪ್ ಒಂದೇ ಇದ್ದರೆ ಆಂಡ್ರಾಯ್ಡ್ ಫೋನಿನಲ್ಲೇ ಟರ್ಮಕ್ಸ್ ಎಂಬ ಆ್ಯಪ್ ಮೂಲಕ ನಡೆಸಬಹುದು. 1997ರಿಂದ ಬಳಕೆಯಲ್ಲಿರುವ ಎನ್‌ಮ್ಯಾಪ್ ಈ ಕೆಲಸಕ್ಕೆ ನಾನು ಮೊದಲು ಸೂಚಿಸುವ ಸಾಧನ. ಆಜ್ಞೆಯಲ್ಲಿ ಎನ್‌ಮ್ಯಾಪ್ ಹೆಸರಿನ ನಂತರ ಎರಡು ಆಯ್ಕೆಗಳನ್ನು ಕೊಡಿ. ಹೈಫನ್, ದೊಡ್ಡಕ್ಷರದ ಪಿ, ಸಣ್ಣಕ್ಷರದ ಎನ್: ಇದು ಪಿಂಗ್‌ಗೆ, ಅಂದರೆ ಸಾಧನ ಚಾಲೂ ಇದೆಯೇ ಎಂದು ಕೇಳುವ ಪುಟ್ಟ ಸಂದೇಶಕ್ಕೆ, ಉತ್ತರ ಬಾರದಿದ್ದರೂ ಸ್ಕ್ಯಾನ್ ಮುಂದುವರಿಸು ಎನ್ನುತ್ತದೆ. ಇದಿಲ್ಲದಿದ್ದರೆ ಪಿಂಗ್‌ಗೆ ಉತ್ತರಿಸದ ರೌಟರನ್ನು ಅದು "ಆರಿದೆ" ಎಂದುಕೊಂಡು ಬಿಟ್ಟುಬಿಡುತ್ತದೆ. ಇನ್ನೊಂದು ಹೈಫನ್, ಸಣ್ಣಕ್ಷರದ ಪಿ, ಮತ್ತೆ ಹೈಫನ್: ಎಲ್ಲ ಪೋರ್ಟ್‌ಗಳನ್ನೂ ನೋಡು ಎಂದರ್ಥ. ಕೊನೆಗೆ ನಿಮ್ಮ ಹೊರವಿಳಾಸ. ಏನೂ ಹೇಳದಿದ್ದರೆ ಎನ್‌ಮ್ಯಾಪ್ ಹೆಚ್ಚು ಬಳಕೆಯ 1000 ಪೋರ್ಟ್‌ಗಳನ್ನಷ್ಟೇ ನೋಡುತ್ತದೆ. ಎಲ್ಲ ಪೋರ್ಟ್‌ಗಳ ಸ್ಕ್ಯಾನ್ ಮೊಬೈಲ್ ಜಾಲದಲ್ಲಿ ತುಂಬ ಹೊತ್ತು ಹಿಡಿಯಬಹುದು. ಹಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳಿ.

ವಿಳಾಸ ನಿಮ್ಮದೇ ಎಂದು ಎರಡು ಸಲ ನೋಡಿಕೊಳ್ಳಿ. ಬೇರೆಯವರ ವಿಳಾಸವನ್ನು ಅನುಮತಿ ಇಲ್ಲದೆ ಸ್ಕ್ಯಾನ್ ಮಾಡುವುದು ಸರಿಯಲ್ಲ, ಹಲವೆಡೆ ಕಾನೂನಿನ ತೊಡಕಿಗೂ ಸಿಕ್ಕಿಸುತ್ತದೆ. ರೌಟರ್ ಮರುಚಾಲನೆಯಾದರೆ ಹೊರವಿಳಾಸ ಬದಲಾಗಬಹುದು, ಹಾಗಾಗಿ ನಿನ್ನೆ ಬರೆದಿಟ್ಟುಕೊಂಡ ವಿಳಾಸ ಇವತ್ತು ಇನ್ನೊಬ್ಬರ ಪಾಲಾಗಿರಬಹುದು.

ಫಲಿತಾಂಶದಲ್ಲಿ ಮೂರು ಬಗೆಯ ಉತ್ತರ ಬರುತ್ತದೆ. "ಓಪನ್" ಎಂದರೆ ಆ ಪೋರ್ಟಿನಲ್ಲಿ ಯಾವುದೋ ತಂತ್ರಾಂಶ ಸಂಪರ್ಕವನ್ನು ಸ್ವೀಕರಿಸುತ್ತಿದೆ. "ಕ್ಲೋಸ್ಡ್" ಎಂದರೆ ಪ್ಯಾಕೆಟ್ ತಲುಪಿತು, ಇಲ್ಲಿ ಯಾರೂ ಇಲ್ಲ ಎಂಬ ಉತ್ತರ ಬಂತು. "ಫಿಲ್ಟರ್ಡ್" ಎಂದರೆ ಸಾಮಾನ್ಯವಾಗಿ ಉತ್ತರವೇ ಬರಲಿಲ್ಲ. ಈ ಉತ್ತರ ಕೊಡದ ಸ್ಥಿತಿಯನ್ನೇ ಶೀಲ್ಡ್ಸ್ ಅಪ್ "ಸ್ಟೆಲ್ತ್" ಎಂದು ಕರೆಯುತ್ತದೆ. ಅದು ಸಿಗಲಿಲ್ಲವೆಂದು, ಪಿಂಗ್‌ಗೆ ಉತ್ತರ ಹೋಗುತ್ತಿದೆಯೆಂದು ತಲೆಕೆಡಿಸಿಕೊಳ್ಳುವವರು ಬಹಳ. ಅಷ್ಟು ಚಿಂತೆ ಬೇಡ ಎಂಬುದು ನನ್ನ ಅಭಿಪ್ರಾಯ. ವಿಳಾಸದಲ್ಲಿ ಯಾರೋ ಇದ್ದಾರೆ ಎಂದು ತಿಳಿದ ಮಾತ್ರಕ್ಕೆ ಯಾರೂ ಒಳಗೆ ಬರಲಾರರು. ನಿಮ್ಮ ಗಮನವೆಲ್ಲ "ಓಪನ್" ಎಂದು ಬಂದ ಸಾಲುಗಳ ಮೇಲಿರಲಿ.

ಅಂಥ ಸಾಲುಗಳಲ್ಲಿ ಇವು ಕಂಡರೆ ಅದೇ ದಿನ ಸರಿಪಡಿಸಬೇಕು: 23 ಮತ್ತು 2323 ದೂರದಿಂದ ಸಾಧನಕ್ಕೆ ಲಾಗಿನ್ ಆಗುವ ಹಳೆಯ ವ್ಯವಸ್ಥೆ ಟೆಲ್ನೆಟ್‌ದು, 445 ವಿಂಡೋಸ್ ಫೈಲು ಹಂಚಿಕೆಯದು, 3389 ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ದು, 554 ಕ್ಯಾಮೆರಾ ವಿಡಿಯೊ ಹರಿಯುವ ದಾರಿ, 9100 ಪ್ರಿಂಟರಿನದು. 80, 443, 8080 ಕಂಡರೆ ಫೋನಿನ ಮೊಬೈಲ್ ಡೇಟಾದಲ್ಲೇ ಆ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಯಾವ ಸಾಧನದ ಲಾಗಿನ್ ಪುಟ ಎಂದು ಕಣ್ಣಿಗೇ ಕಾಣುತ್ತದೆ.

ಟೆಲ್ನೆಟ್ ಬಗ್ಗೆ ಯಾಕಿಷ್ಟು ಆತಂಕ ಎಂದರೆ, 2016ರ ಮಿರಾಯ್ ಬಾಟ್‌ನೆಟ್ (ದಾಳಿಕೋರರ ವಶದಲ್ಲಿರುವ ಸಾಧನಗಳ ಪಡೆ) ಬೆಳೆದದ್ದೇ ಈ ದಾರಿಯಲ್ಲಿ. ಅದು ಇಂಟರ್ನೆಟ್ ತುಂಬ 23 ಮತ್ತು 2323ನೇ ಪೋರ್ಟ್‌ಗಳನ್ನು ತಟ್ಟುತ್ತಾ ಹೋಗಿ, ಕಾರ್ಖಾನೆಯಿಂದ ಬಂದ ಹೆಸರು-ಪಾಸ್‌ವರ್ಡ್‌ಗಳ ಚಿಕ್ಕ ಪಟ್ಟಿಯೊಂದನ್ನು ಪ್ರಯತ್ನಿಸಿ ಕ್ಯಾಮೆರಾ, ವಿಡಿಯೊ ರೆಕಾರ್ಡರ್, ರೌಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ತಾಣಗಳ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ (ಡಿಎನ್‌ಎಸ್) ಸೇವೆಯ ಡೈನ್ ಕಂಪನಿಯ ಮೇಲೆ ಮಿರಾಯ್ ಸೋಂಕಿತ ಸಾಧನಗಳಿಂದ ನಡೆದ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವು ಗಂಟೆ ಅನೇಕರಿಗೆ ಸಿಗದೆ ಹೋದವು. ಆ ಕ್ಯಾಮೆರಾಗಳ ಮಾಲೀಕರಲ್ಲಿ ಹೆಚ್ಚಿನವರಿಗೆ ತಮ್ಮ ಸಾಧನ ಹೊರಗೆ ಕಾಣುತ್ತಿದೆ ಎಂಬುದೇ ತಿಳಿದಿರಲಿಲ್ಲ.

ಪರೀಕ್ಷೆಯನ್ನೇ ಪರೀಕ್ಷಿಸಿ

ಸ್ಕ್ಯಾನ್ ಮುಗಿಯಿತು, ಒಂದೂ ಪೋರ್ಟ್ ತೆರೆದಿಲ್ಲ ಎಂದು ಬಂತು. ರೌಟರ್ ಚೆನ್ನಾಗಿ ಕೆಲಸ ಮಾಡುತ್ತಿರಬಹುದು. ಆದರೆ ವಿಳಾಸದಲ್ಲಿ ಒಂದು ಅಂಕಿ ತಪ್ಪಾಗಿದ್ದರೂ ಇದೇ ಉತ್ತರ ಬರುತ್ತದೆ. ಮೊಬೈಲ್ ಕಂಪನಿ ಸ್ಕ್ಯಾನ್ ಪ್ಯಾಕೆಟ್‌ಗಳನ್ನು ತಡೆದಿದ್ದರೂ, ನೀವು ದೊಡ್ಡ ನ್ಯಾಟ್‌ನ ಹಿಂದೆ ಇದ್ದರೂ ಇದೇ ಉತ್ತರವೇ. ಇವುಗಳಲ್ಲಿ ಯಾವುದು ನಿಜ?

ತಿಳಿಯಲು ನೀವೇ ಒಂದು ಪೋರ್ಟ್ ತೆರೆದು ನೋಡಿ. ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಖಾಲಿ ಫೋಲ್ಡರ್ ಒಂದನ್ನು ಮಾಡಿ, ಅಲ್ಲಿಂದ ಪೈಥಾನ್ ಜೊತೆಗೇ ಬರುವ ಪುಟ್ಟ ವೆಬ್ ಸರ್ವರನ್ನು ಚಾಲೂ ಮಾಡಿ. ಅದು 8000ನೇ ಪೋರ್ಟಿನಲ್ಲಿ ಕೂರುತ್ತದೆ. ಫೋಲ್ಡರ್ ಖಾಲಿಯೇ ಇರಬೇಕು, ಯಾಕೆಂದರೆ ಅದರಲ್ಲಿರುವ ಫೈಲುಗಳೆಲ್ಲ ಬಂದವರಿಗೆ ಕಾಣುತ್ತವೆ. ಕಂಪ್ಯೂಟರಿನ ಫೈರ್‌ವಾಲ್ ಅನುಮತಿ ಕೇಳಿದರೆ ಕೊಡಿ. ಮೊದಲು ಮನೆಯ ವೈಫೈನಲ್ಲಿರುವ ಇನ್ನೊಂದು ಸಾಧನದಿಂದ ಆ ಪುಟ ತೆರೆದು ನೋಡಿ. ತೆರೆದರೆ ಸರ್ವರ್ ಸರಿಯಿದೆ. ಆಮೇಲೆ ರೌಟರಿನಲ್ಲಿ 8000ನೇ ಪೋರ್ಟನ್ನು ಈ ಕಂಪ್ಯೂಟರಿಗೆ ಕಳಿಸುವ ಪೋರ್ಟ್ ಫಾರ್ವರ್ಡಿಂಗ್ ನಿಯಮ ಹಾಕಿ, ಮೊಬೈಲ್ ಡೇಟಾದಿಂದ ಅದೊಂದೇ ಪೋರ್ಟನ್ನು ಸ್ಕ್ಯಾನ್ ಮಾಡಿ.

"ಓಪನ್" ಎಂದು ಬಂದರೆ ನಿಮ್ಮ ಪರೀಕ್ಷೆ ನಂಬಿಕೆಗೆ ಅರ್ಹ. ಮೊದಲು ಬಂದ "ಏನೂ ತೆರೆದಿಲ್ಲ" ಎಂಬ ಉತ್ತರವನ್ನೂ ಈಗ ನಂಬಬಹುದು. ಬರದಿದ್ದರೆ ಎಲ್ಲೋ ಅಡ್ಡಿಯಿದೆ; ಹಿಂದಿನ ಫಲಿತಾಂಶಕ್ಕೆ ಅರ್ಥವಿಲ್ಲ, 2ನೇ ಹೆಜ್ಜೆಗೆ ಹಿಂತಿರುಗಿ. ಕೆಲಸ ಮುಗಿದ ಕೂಡಲೇ ನಿಯಮವನ್ನು ಅಳಿಸಿ, ಸರ್ವರ್ ನಿಲ್ಲಿಸಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ 8000 ಮುಚ್ಚಿದೆ ಎಂದು ಖಚಿತ ಮಾಡಿಕೊಳ್ಳಿ.

ಹೆಜ್ಜೆ 4: ರೌಟರಿನಲ್ಲಿ ಬಿಟ್ಟ ಕಿಂಡಿಗಳು

ಈಗ ರೌಟರಿನ ಒಳಗೆ ಹೋಗಿ ಮೂರು ಪುಟಗಳನ್ನು ನೋಡಿ. ಪೋರ್ಟ್ ಫಾರ್ವರ್ಡಿಂಗ್ ಪುಟವನ್ನು ಕೆಲವು ರೌಟರ್‌ಗಳು "ವರ್ಚುವಲ್ ಸರ್ವರ್" ಎನ್ನುತ್ತವೆ. ಅಲ್ಲಿರುವ ಪ್ರತಿ ನಿಯಮವೂ ಯಾರೋ ಬೇಕೆಂದೇ ಮಾಡಿದ ಕಿಂಡಿ. ಕ್ಯಾಮೆರಾ ಅಳವಡಿಸಲು ಬಂದವರು ಹಾಕಿಟ್ಟು ಹೋದ ನಿಯಮಗಳು ಇಲ್ಲಿ ಸಿಗುವುದು ಸಾಮಾನ್ಯ. ಕಾರಣ ಗೊತ್ತಿಲ್ಲದ ನಿಯಮವನ್ನು ಫೋಟೊ ತೆಗೆದಿಟ್ಟುಕೊಂಡು ಆಫ್ ಮಾಡಿ. ಏನಾದರೂ ಕೆಲಸ ನಿಂತರೆ ಮತ್ತೆ ಹಾಕಬಹುದು.

ಡಿಎಂಜೆಡ್ ಎಂಬ ಆಯ್ಕೆ ಇನ್ನೂ ಅಪಾಯದ್ದು. ಅಲ್ಲಿ ಒಂದು ಒಳವಿಳಾಸ ಬರೆದಿದ್ದರೆ, ಬೇರೆ ನಿಯಮವಿಲ್ಲದ ಒಳಬರುವ ಎಲ್ಲ ಸಂಪರ್ಕಗಳೂ ಆ ಸಾಧನಕ್ಕೆ ಹೋಗುತ್ತವೆ. ಆ ಒಂದು ಸಾಧನಕ್ಕೆ ರೌಟರಿನ ಮರೆ ಇಲ್ಲವೇ ಇಲ್ಲ. ಆನ್‌ಲೈನ್ ಆಟದ ತೊಂದರೆ ಬಗೆಹರಿಸಲು ಇದನ್ನು ಹಾಕಿ ಮರೆತಿರುತ್ತಾರೆ. ಮುಂದೆ ಆ ಒಳವಿಳಾಸ ಬೇರೆ ಸಾಧನಕ್ಕೆ ಸಿಕ್ಕರೆ ಬಯಲಾಗುವುದು ಅದು.

ಮೂರನೆಯದು ಯುಪಿಎನ್‌ಪಿ. ಒಳಗಿನ ಸಾಧನ ತನಗೆ ಬೇಕಾದ ಪೋರ್ಟನ್ನು ತೆರೆಯುವಂತೆ ರೌಟರನ್ನು ತಾನೇ ಕೇಳಿಕೊಳ್ಳುವ ವ್ಯವಸ್ಥೆ ಇದು. ಸಾಮಾನ್ಯ ರೌಟರ್‌ಗಳಲ್ಲಿ ಇದಕ್ಕೆ ಪಾಸ್‌ವರ್ಡ್ ಬೇಡ, ಮನೆಯವರ ಒಪ್ಪಿಗೆಯೂ ಬೇಡ. ಆಟದ ಕನ್ಸೋಲ್ ಕೇಳಿದರೂ ತೆರೆಯುತ್ತದೆ, ಲ್ಯಾಪ್‌ಟಾಪಿನಲ್ಲಿ ಸೇರಿಕೊಂಡ ಕೆಟ್ಟ ತಂತ್ರಾಂಶ ಕೇಳಿದರೂ ತೆರೆಯುತ್ತದೆ. ಯುಪಿಎನ್‌ಪಿ ಪುಟದಲ್ಲಿ ಸದ್ಯ ತೆರೆದಿರುವ ಪೋರ್ಟ್‌ಗಳ ಪಟ್ಟಿ ಇದ್ದರೆ ಅದನ್ನು ನಿಮ್ಮ ಸಾಧನಗಳ ಪಟ್ಟಿಯೊಂದಿಗೆ ಹೋಲಿಸಿ. ಈ ಪಟ್ಟಿ ಗಂಟೆಗಂಟೆಗೂ ಬದಲಾಗಬಹುದು; ಬೆಳಗ್ಗೆ ಮುಚ್ಚಿದ್ದ ಪೋರ್ಟ್ ಸಂಜೆ ಕನ್ಸೋಲ್ ಹಚ್ಚಿದಾಗ ತೆರೆದಿರುತ್ತದೆ. ಎಲ್ಲ ಸಾಧನಗಳೂ ಚಾಲೂ ಇರುವಾಗಲೇ ಸ್ಕ್ಯಾನ್ ಮಾಡಬೇಕು ಎನ್ನುವುದು ಇದಕ್ಕೇ.

ಯುಪಿಎನ್‌ಪಿಗೆ ಇನ್ನೊಂದು ಕೆಟ್ಟ ಇತಿಹಾಸವಿದೆ. ಒಳಗಿನವರ ಮಾತನ್ನಷ್ಟೇ ಕೇಳಬೇಕಾದ ಈ ಸೇವೆ ಕೆಲವು ರೌಟರ್‌ಗಳಲ್ಲಿ ಹೊರಗಿನವರಿಗೂ ಉತ್ತರಿಸುತ್ತಿತ್ತು. 2013ರ ಜನವರಿಯಲ್ಲಿ ರ‍್ಯಾಪಿಡ್7 ಕಂಪನಿ ಪ್ರಕಟಿಸಿದ ಅಧ್ಯಯನದಲ್ಲಿ 8 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಇಂಟರ್ನೆಟ್‌ನಿಂದ ಬಂದ ಯುಪಿಎನ್‌ಪಿ ಕರೆಗೆ ಉತ್ತರಿಸಿದ್ದವು. ಮೇಲೆ ಹೇಳಿದ ಸ್ಕ್ಯಾನ್ ನೋಡುವುದು ಟಿಸಿಪಿ ಎಂಬ ಬಗೆಯ ಪೋರ್ಟ್‌ಗಳನ್ನಷ್ಟೇ; ಇದು ಯುಡಿಪಿ ಎಂಬ ಇನ್ನೊಂದು ಬಗೆಯ 1900ನೇ ಪೋರ್ಟಿನ ವಿಷಯವಾದ್ದರಿಂದ ಅದಕ್ಕೆ ಸಿಗುವುದಿಲ್ಲ. ಶೀಲ್ಡ್ಸ್ ಅಪ್ ಪುಟದಲ್ಲೇ ಇದಕ್ಕೆ ಬೇರೆ ಗುಂಡಿಯಿದೆ, ಅದನ್ನೂ ಒತ್ತಿ. ಯುಪಿಎನ್‌ಪಿಯನ್ನು ಪೂರ್ತಿ ಆಫ್ ಮಾಡಿ ಒಂದು ವಾರ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೆಚ್ಚಿನ ಮನೆಗಳಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಆಟಕ್ಕೆ ಬೇಕೇಬೇಕು ಎಂದಾದರೆ ಕನ್ಸೋಲ್‌ಗೆ ಸ್ಥಿರ ಒಳವಿಳಾಸ ಕೊಟ್ಟು ಬೇಕಾದ ಒಂದೆರಡು ಪೋರ್ಟ್‌ಗಳನ್ನು ಕೈಯಾರೆ ತೆರೆಯಿರಿ.

ಹೆಜ್ಜೆ 5: ರೌಟರಿನ ಸ್ವಂತ ಬಾಗಿಲು

ಒಳಗಿನ ಸಾಧನಗಳೆಲ್ಲ ಮರೆಯಲ್ಲಿದ್ದು ರೌಟರೇ ಬಯಲಿನಲ್ಲಿದ್ದರೆ ಪ್ರಯೋಜನವಿಲ್ಲ. ಅದನ್ನು ವಶಪಡಿಸಿಕೊಂಡವರು ಮೇಲಿನ ಎಲ್ಲ ಸೆಟ್ಟಿಂಗ್‌ಗಳನ್ನೂ ಬದಲಿಸಬಲ್ಲರು. "ರಿಮೋಟ್ ಮ್ಯಾನೇಜ್‌ಮೆಂಟ್" ಎಂಬ ಆಯ್ಕೆ ಆಫ್ ಆಗಿರಬೇಕು. ಸ್ಕ್ಯಾನ್‌ನಲ್ಲಿ 22, 23, 80, 443, 8080 ತೆರೆದಿದ್ದು ಅವು ರೌಟರಿನವೇ ಆಗಿದ್ದರೆ ಮೊದಲು ಮುಚ್ಚಬೇಕಾದವು ಅವು.

7547ನೇ ಪೋರ್ಟ್ ತೆರೆದು ಕಂಡರೆ ಅದು ಇಂಟರ್ನೆಟ್ ಕಂಪನಿ ದೂರದಿಂದ ರೌಟರ್ ಸಂಭಾಳಿಸಲು ಬಳಸುವ ದಾರಿ. 2016ರ ನವೆಂಬರ್‌ನಲ್ಲಿ ಇದೇ ಪೋರ್ಟನ್ನು ಗುರಿಮಾಡಿದ ದಾಳಿಯಿಂದ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತ್ತು. ಇದನ್ನು ನೀವು ಆಫ್ ಮಾಡಲಾಗದೆ ಇರಬಹುದು. ಆ ಪೋರ್ಟಿಗೆ ತಮ್ಮ ಸರ್ವರ್‌ಗಳಿಂದ ಮಾತ್ರ ಪ್ರವೇಶವಿರುವಂತೆ ಮಾಡಿ ಎಂದು ಕಂಪನಿಯನ್ನು ಕೇಳಿ. ಅದು ನ್ಯಾಯವಾದ ಬೇಡಿಕೆ.

ಹೆಜ್ಜೆ 6: ಐಪಿವಿ6, ಎಲ್ಲರೂ ಮರೆಯುವ ದಾರಿ

ಇಷ್ಟು ಹೊತ್ತು ನೋಡಿದ್ದೆಲ್ಲ ಐಪಿವಿ4. ಐಪಿವಿ6ರಲ್ಲಿ ವಿಳಾಸದ ಬರವಿಲ್ಲ, ಆದ್ದರಿಂದ ಸಾಮಾನ್ಯವಾಗಿ ನ್ಯಾಟ್ ಕೂಡ ಇಲ್ಲ. ಪ್ರತಿ ಫೋನಿಗೂ ಪ್ರತಿ ಪ್ರಿಂಟರಿಗೂ ಇಡೀ ಇಂಟರ್ನೆಟ್‌ನಲ್ಲಿ ನಡೆಯುವ ಸ್ವಂತ ವಿಳಾಸ ಸಿಗುತ್ತದೆ. ಅಂದರೆ ವಿಳಾಸ ಬದಲಾವಣೆಯಿಂದ ತಾನಾಗಿ ಸಿಗುತ್ತಿದ್ದ ಮರೆ ಇಲ್ಲಿ ಸಿಗುವುದಿಲ್ಲ. ತಡೆಯಬೇಕಾದದ್ದು ರೌಟರಿನ ಫೈರ್‌ವಾಲ್ ಒಂದೇ. ಮನೆ ರೌಟರ್‌ಗಳ ಐಪಿವಿ6 ನಡತೆಯನ್ನು ವಿವರಿಸುವ 2013ರ ಆರ್‌ಎಫ್‌ಸಿ 7084 ಇಂಥ ಫೈರ್‌ವಾಲ್ ಸೌಲಭ್ಯ ಇರಲಿ ಎನ್ನುತ್ತದೆ, ಆದರೆ ಅದು ಡಿಫಾಲ್ಟ್ ಆಗಿ ಚಾಲೂ ಇರಬೇಕೇ ಎಂಬ ಬಗ್ಗೆ ನಿಲುವು ತಾಳುವುದಿಲ್ಲ. ತೀರ್ಮಾನ ರೌಟರ್ ತಯಾರಕರದು, ಇಂಟರ್ನೆಟ್ ಕಂಪನಿಯದು. ಹಾಗಾಗಿ ನಿಮ್ಮ ರೌಟರಿನಲ್ಲಿ ಏನಿದೆ ಎಂದು ನೀವೇ ನೋಡಬೇಕು.

ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಐಪಿವಿ6 ವಿಳಾಸಗಳನ್ನು ಹುಡುಕಿ. ಎಫ್‌ಇ80 ಎಂದು ಶುರುವಾಗುವುದು ಒಂದೇ ಜಾಲದೊಳಗಿನ ವಿಳಾಸ, ಎಫ್‌ಡಿ ಎಂದು ಶುರುವಾಗುವುದು ಖಾಸಗಿ ವಿಳಾಸ. ಎರಡೂ ಹೊರಗೆ ಹೋಗುವುದಿಲ್ಲ. 2 ಅಥವಾ 3ರಿಂದ ಶುರುವಾಗುವ ವಿಳಾಸ ಇದ್ದರೆ ನಿಮ್ಮ ಸಾಧನಕ್ಕೆ ಸಾರ್ವಜನಿಕ ವಿಳಾಸವಿದೆ. ಅಂಥದ್ದು ಯಾವ ಸಾಧನದಲ್ಲೂ ಇಲ್ಲದಿದ್ದರೆ ಈ ಹೆಜ್ಜೆ ನಿಮಗೆ ಬೇಡ.

ಪರೀಕ್ಷೆಗೆ ಮತ್ತೆ ಅದೇ ಪೈಥಾನ್ ಸರ್ವರ್. ಮನೆಯೊಳಗಿನ ಇನ್ನೊಂದು ಸಾಧನದ ಬ್ರೌಸರಿನಲ್ಲಿ ಕಂಪ್ಯೂಟರಿನ ಐಪಿವಿ6 ವಿಳಾಸವನ್ನು ಚೌಕಾಕಾರದ ಆವರಣ ಚಿಹ್ನೆಗಳ ನಡುವೆ ಬರೆದು, ಅದರ ಮುಂದೆ ಕೋಲನ್ ಮತ್ತು 8000 ಹಾಕಿ. ಪುಟ ತೆರೆಯಬೇಕು. ಇಲ್ಲಿ ತೆರೆಯದಿದ್ದರೆ ಕಂಪ್ಯೂಟರಿನ ಸ್ವಂತ ಫೈರ್‌ವಾಲ್ ತಡೆಯುತ್ತಿರಬಹುದು. ಅದನ್ನು ಸರಿಪಡಿಸದೆ ಮುಂದೆ ಹೋದರೆ ರೌಟರ್ ತಡೆಯಿತೋ ಕಂಪ್ಯೂಟರ್ ತಡೆಯಿತೋ ತಿಳಿಯದು. ಒಳಗೆ ತೆರೆದ ಮೇಲೆ ಫೋನನ್ನು ಮೊಬೈಲ್ ಡೇಟಾಗೆ ಹಾಕಿ, ಫೋನಿಗೂ ಐಪಿವಿ6 ವಿಳಾಸ ಬಂದಿದೆಯೇ ನೋಡಿ, ಅದೇ ಪುಟವನ್ನು ತೆರೆಯಿರಿ. ಪೋರ್ಟ್ ಫಾರ್ವರ್ಡಿಂಗ್ ನಿಯಮ ಯಾವುದನ್ನೂ ಹಾಕಬಾರದು. ಪುಟ ತೆರೆಯಲಿಲ್ಲವೆಂದರೆ ರೌಟರ್ ತನ್ನ ಕೆಲಸ ಮಾಡುತ್ತಿದೆ. ತೆರೆದುಬಿಟ್ಟರೆ ನಿಮ್ಮ ಮನೆಯ ಪ್ರತಿ ಐಪಿವಿ6 ಸಾಧನವೂ ನೇರ ಇಂಟರ್ನೆಟ್‌ನಲ್ಲಿ ನಿಂತಿರುವ ಸಾಧ್ಯತೆ ಇದೆ. ರೌಟರಿನಲ್ಲಿ ಐಪಿವಿ6 ಫೈರ್‌ವಾಲ್ ಹುಡುಕಿ ಹಾಕಿ. ಅಂಥ ಆಯ್ಕೆಯೇ ಇಲ್ಲದಿದ್ದರೆ ರೌಟರ್ ಬದಲಿಸುವವರೆಗೆ ಐಪಿವಿ6ನ್ನು ಆಫ್ ಮಾಡಿಡಿ.

ಎನ್‌ಮ್ಯಾಪ್ ಬಳಸುವವರು ಆಜ್ಞೆಗೆ ಹೈಫನ್ 6 ಸೇರಿಸಿ ಪ್ರಿಂಟರ್, ಡಿಸ್ಕ್, ಕ್ಯಾಮೆರಾಗಳ ಐಪಿವಿ6 ವಿಳಾಸಗಳನ್ನು ಒಂದೊಂದಾಗಿ ನೋಡಬಹುದು.

ಒಂದು ಮನೆಯ ಐಪಿವಿ6 ಜಾಲದಲ್ಲಿ ವಿಳಾಸಗಳು ಎಷ್ಟಿರುತ್ತವೆಂದರೆ ಒಂದೊಂದನ್ನೇ ತಟ್ಟುತ್ತಾ ಹೋಗಿ ಸಾಧನ ಹುಡುಕುವುದು ಆಗದ ಮಾತು, ಹಾಗಾಗಿ ಭಯವಿಲ್ಲ ಎನ್ನುವವರಿದ್ದಾರೆ. ಒಪ್ಪಲಾರೆ. ನಿಮ್ಮ ಸಾಧನ ಹೊರಗಿನ ಯಾವ ಸರ್ವರನ್ನು ಸಂಪರ್ಕಿಸಿದರೂ ಆ ಸರ್ವರಿಗೆ ವಿಳಾಸ ತಿಳಿಯುತ್ತದೆ. ಹಳೆಯ ಸಾಧನಗಳು ತಮ್ಮ ನೆಟ್‌ವರ್ಕ್ ಚಿಪ್ಪಿನ ಶಾಶ್ವತ ಸಂಖ್ಯೆಯಿಂದಲೇ ವಿಳಾಸ ಕಟ್ಟಿಕೊಳ್ಳುತ್ತವೆ. ವಿಳಾಸದ ಕೊನೆಯರ್ಧದ ನಡುವೆ ಎಫ್‌ಎಫ್, ಎಫ್‌ಇ ಅಕ್ಷರಗಳು ಒತ್ತಾಗಿ ಬಂದಿದ್ದರೆ ಅದೇ ಗುರುತು. ಇನ್ನೊಂದು ಎಚ್ಚರಿಕೆ: ಮರೆಮಾಡುವ ಭರದಲ್ಲಿ ಐಪಿವಿ6ರ ಐಸಿಎಂಪಿ ಸಂದೇಶಗಳನ್ನೆಲ್ಲ (ಜಾಲದ ಸ್ಥಿತಿ, ದೋಷ ತಿಳಿಸುವವು) ತಡೆಯಬೇಡಿ. ಪ್ಯಾಕೆಟ್ ದೊಡ್ಡದಾಯಿತು ಎಂದು ಹೇಳುವ ಸಂದೇಶ ಅದರಲ್ಲೇ ಬರುತ್ತದೆ. ಅದು ನಿಂತರೆ ಕೆಲವು ತಾಣಗಳು ಅರ್ಧಕ್ಕೆ ಲೋಡ್ ಆಗಿ ನಿಲ್ಲುತ್ತವೆ.

ಈ ಪರೀಕ್ಷೆಗೆ ಕಾಣದವು

ಯುಡಿಪಿ ಪೋರ್ಟ್‌ಗಳ ಸ್ಕ್ಯಾನ್ ಸ್ಪಷ್ಟ ಉತ್ತರ ಕೊಡುವುದಿಲ್ಲ. ತೆರೆದ ಯುಡಿಪಿ ಪೋರ್ಟ್ ಎಷ್ಟೋ ಸಲ ಸುಮ್ಮನಿರುತ್ತದೆ, ತಡೆದ ಪೋರ್ಟೂ ಸುಮ್ಮನಿರುತ್ತದೆ. ಅಲ್ಲಿ ರೌಟರಿನ ಸೆಟ್ಟಿಂಗ್‌ಗಳನ್ನೇ ಹೆಚ್ಚು ನಂಬಬೇಕು.

ಅದಕ್ಕಿಂತ ದೊಡ್ಡದು ಒಳಗಿನಿಂದ ಹೊರಡುವ ಸಂಪರ್ಕ. ಫೋನಿನ ಆ್ಯಪ್‌ನಲ್ಲಿ ಎಲ್ಲಿಂದ ಬೇಕಾದರೂ ನೋಡಬಹುದಾದ ಕ್ಯಾಮೆರಾ, ಒಂದೂ ಪೋರ್ಟ್ ತೆರೆಯದೆ ಆ ಕೆಲಸ ಮಾಡುತ್ತದೆ. ಅದು ತಾನಾಗಿ ತಯಾರಕರ ಸರ್ವರನ್ನು ಸಂಪರ್ಕಿಸಿ ಆ ದಾರಿಯನ್ನು ತೆರೆದಿಟ್ಟುಕೊಳ್ಳುತ್ತದೆ. ರೌಟರಿನ ಕಣ್ಣಿಗೆ ಅದು ಒಳಗಿನವರೇ ಕೇಳಿದ ಸಂಪರ್ಕ. ನಿಮ್ಮ ಸ್ಕ್ಯಾನ್ ಎಷ್ಟೇ ಶುದ್ಧವಾಗಿದ್ದರೂ ಆ ಖಾತೆಯ ಪಾಸ್‌ವರ್ಡ್ ಸೋರಿದರೆ ಕ್ಯಾಮೆರಾ ಇನ್ನೊಬ್ಬರ ಕೈಗೆ ಹೋಗುತ್ತದೆ. ಅಂಥ ಖಾತೆಗಳಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಮತ್ತು ಎರಡನೇ ಹಂತದ ದೃಢೀಕರಣ ಹಾಕಿ. ಸಾಧ್ಯವಾದರೆ ಕ್ಯಾಮೆರಾ, ದೀಪ, ಪ್ಲಗ್ಗುಗಳನ್ನು ಅತಿಥಿ ವೈಫೈಗೆ ಸೇರಿಸಿ ಲ್ಯಾಪ್‌ಟಾಪು, ಫೋನುಗಳಿಂದ ಬೇರ್ಪಡಿಸಿ.

ಶೋಡಾನ್ ಎಂಬ ಹುಡುಕುತಾಣ 2009ರಿಂದ ಇಂಟರ್ನೆಟ್‌ಗೆ ತೆರೆದುಕೊಂಡ ಸಾಧನಗಳನ್ನು ಪಟ್ಟಿಮಾಡುತ್ತಿದೆ. ನಿಮ್ಮ ಹೊರವಿಳಾಸವನ್ನು ಅಲ್ಲಿ ಹುಡುಕಿ ನೋಡುವುದು ಒಳ್ಳೆಯ ಪೂರಕ ಪರೀಕ್ಷೆ. ಆದರೆ ಅಲ್ಲಿ ಕಾಣುವುದು ಹಳೆಯ ದಾಖಲೆ. ವಿಳಾಸ ಬದಲಾಗುತ್ತಿರುವ ಸಂಪರ್ಕವಾದರೆ ಅದು ನಿಮಗಿಂತ ಮುಂಚೆ ಆ ವಿಳಾಸ ಹೊಂದಿದ್ದವರ ಸಾಧನವಾಗಿರಬಹುದು. ದಿನಾಂಕ ನೋಡಿ.

ತೆರೆದ ಪೋರ್ಟ್ ಸಿಕ್ಕರೆ

ಮೊದಲು ನಿಯಮ ಅಳಿಸಿ ಪೋರ್ಟ್ ಮುಚ್ಚಿ, ವಿಚಾರಣೆ ಆಮೇಲೆ. ರೌಟರ್ ಮರುಚಾಲನೆ ಮಾಡಿ ಮತ್ತೆ ಸ್ಕ್ಯಾನ್ ಮಾಡಿ. ಪೋರ್ಟ್ ಮತ್ತೆ ತೆರೆದರೆ ಯುಪಿಎನ್‌ಪಿ ಮೂಲಕ ಯಾವುದೋ ಸಾಧನ ಕೇಳುತ್ತಿದೆ, ಸಾಧನಗಳನ್ನು ಒಂದೊಂದಾಗಿ ಆಫ್ ಮಾಡಿ ಪತ್ತೆಮಾಡಿ. ಬಯಲಾಗಿದ್ದ ಸಾಧನದ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಹಾಕಿ. ಅದರ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಆಗಿದ್ದರೆ ಯಾರೋ ಒಳಹೊಕ್ಕಿದ್ದಾರೆ ಎಂದೇ ಭಾವಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ ಹೊಸದಾಗಿ ಅಳವಡಿಸಿ. ದೂರದಿಂದ ಆ ಸಾಧನವನ್ನು ತಲುಪುವ ಅಗತ್ಯ ನಿಜಕ್ಕೂ ಇದ್ದರೆ ರೌಟರಿನಲ್ಲೇ ವಿಪಿಎನ್ ಸರ್ವರ್ ಇದೆಯೇ ನೋಡಿ. ವೈರ್‌ಗಾರ್ಡ್ ಎಂಬ ವಿಪಿಎನ್ ಸೌಲಭ್ಯವಿರುವ ರೌಟರ್‌ಗಳು ಈಗ ಸಾಕಷ್ಟಿವೆ, ಮತ್ತು ಸರಿಯಾದ ಕೀಲಿ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ.

ಸ್ಕ್ಯಾನ್ ಫಲಿತಾಂಶವನ್ನು ದಿನಾಂಕ ಹಾಕಿ ಉಳಿಸಿಟ್ಟುಕೊಳ್ಳಿ. ಹೊಸ ಕ್ಯಾಮೆರಾ ಅಥವಾ ಡಿಸ್ಕ್ ಸೇರಿಸಿದಾಗ, ರೌಟರ್ ರೀಸೆಟ್ ಆದಾಗ, ಅದರ ತಂತ್ರಾಂಶ ಅಪ್‌ಡೇಟ್ ಆದಾಗ, ಇಂಟರ್ನೆಟ್ ಕಂಪನಿ ಪೆಟ್ಟಿಗೆ ಬದಲಿಸಿದಾಗ 3ನೇ ಹೆಜ್ಜೆಯನ್ನೂ 6ನೇ ಹೆಜ್ಜೆಯನ್ನೂ ಮತ್ತೆ ಮಾಡಿ ಹಳೆಯದರೊಂದಿಗೆ ಹೋಲಿಸಿ. ರೀಸೆಟ್ ಆದ ರೌಟರಿನಲ್ಲಿ ನೀವು ಆರಿಸಿದ್ದ ಯುಪಿಎನ್‌ಪಿ ಮತ್ತೆ ಚಾಲೂ ಆಗಿರುವುದು ತೀರಾ ಸಾಮಾನ್ಯ, ಅದನ್ನೇ ಮೊದಲು ನೋಡಿ.